ನಾಲ್ಕನೆಯ ಮೂಲೆಯ ಆರ್ಕಿಡ್

ನಾನು ಆರ್ಕಿಡ್ ಬೆಳೆಯುತ್ತೇನೆಂದರೆ ನನಗೇ ನಗು ಬರುತ್ತದೆ. ಮಾದನಹಿಪ್ಪರಗಾದ ಕರಿಮಣ್ಣಿನ ಮೇಲೆ ನೆರಳು ಪರದೆ ಕಟ್ಟಿ, ಆ ಮಣ್ಣನ್ನೇ ಮುಟ್ಟದೆ, ಇದ್ದಿಲು, ತೆಂಗಿನ ಸಿಪ್ಪೆ ತುಂಬಿದ ಕುಂಡಗಳಲ್ಲಿ ಗಿಡ ಸಾಕುವವನು ನಾನು. ಅಫಜಲಪುರ, ಜೇವರ್ಗಿ ಕಡೆಯ ರೈತರು ನೋಡಲು ಬರುತ್ತಾರೆ. ಸೋಲಾಪುರದ ಮಾರುಕಟ್ಟೆ, ಸಹಾಯಧನ, ನೀರು ಎಲ್ಲ ವಿಚಾರಿಸುತ್ತಾರೆ. ಮನಸ್ಸು ಮಾಡುವುದು ಮಾತ್ರ ನನ್ನ ಮುಖ ನೋಡಿ. ಮೋಡ ಕಂಡರೂ ಅಂಜುವ, ಕಾಣದಿದ್ದರೂ ಅಂಜುವ ಮನುಷ್ಯನೆಂದು ಸುತ್ತಲೂ ನನಗೆ ಹೆಸರಿದೆ.

ಹಿರೋಳ್ಳಿಗೆ ಕೊಟ್ಟ ನನ್ನ ಅಕ್ಕ ನೇರವಾಗಿ ಹೇಳಿಯೇಬಿಟ್ಟಳು: "ನಿನ್ನಂಥ ಅಂಜುಬುರುಕನೇ ಹಾಕ್ಯಾನಂದ್ರ ನಾ ಯಾಕ ಅಂಜಲಿ? ತೊಗರಿ ರಾಶಿ ಆದ ಕೂಡ್ಲೇ ಹೊಲಾ ಸಪಾಟ ಮಾಡಿ ಪರದೆ ಹಾಕಸ್ತೇನಿ."

ಅವಳಿಗಿರುವುದು ಅದೊಂದೇ ಹೊಲ. ನಾನು ಹೂಂ ಎಂದೆ.

ಬೇಸಿಗೆಯ ಬಿಸಿಲು, ಬೋರಿನ ಸವುಳು ನೀರು ಸೇರಿ ಒಂದಷ್ಟು ಗಿಡಗಳ ಬೇರು ಸುಟ್ಟುಹೋಗಿದ್ದವು. ಅವನ್ನು ಹಿಂದಿನ ಮೂಲೆಗೆ ಸರಿಸಿ, ಹೂವಿದ್ದವನ್ನು ಬಾಗಿಲಿಗೆ ತಂದಿದ್ದೆ. ಬೀಗರು ಬಂದಾಗ ಹರಿದ ಚಾದರ ಮಡಚಿಡುವುದಿಲ್ಲವೇ ಎಂದು ಸಮಾಧಾನ ಮಾಡಿಕೊಂಡಿದ್ದೆ. ಬೀಗರು ಚಾದರ ಕೊಳ್ಳಲು ಬರುವುದಿಲ್ಲವಲ್ಲ ಎಂಬುದು ಮಾತ್ರ ಆಮೇಲೆ ಚುಚ್ಚುತ್ತಲೇ ಇತ್ತು.

ಎಳ್ಳ ಅಮಾವಾಸ್ಯೆಗೆ ಅಕ್ಕ ಭಜ್ಜಿ, ಸಜ್ಜೆ ರೊಟ್ಟಿಯ ಬುಟ್ಟಿ ಹೊತ್ತು ನಮ್ಮ ಹೊಲಕ್ಕೆ ಬಂದಳು. ಭೂಮಿತಾಯಿಗೆ ಚರಗ ಚೆಲ್ಲುವ ದಿನ. ತಂದ ಅಡುಗೆಯನ್ನು ನಾಲ್ಕೂ ಮೂಲೆಗೆ ಎರಚಬೇಕು.

"ಅಕ್ಕಾ, ಬಾಗಿಲದಾಗ ಚೆಲ್ಲಿದ್ರ ಸಾಕು. ಒಳಗ ಮಣ್ಣೇ ಇಲ್ಲ."

"ಮಣ್ಣಿಲ್ಲಂದ್ರ ಮೂಲಿನೂ ಇಲ್ಲೇನಲೇ? ಸರಿ ಆಕಡಿ."

ಹಿಂದಿನ ಆ ನಾಲ್ಕನೆಯ ಮೂಲೆಯಲ್ಲಿ ಅವಳ ಕೈ ನಿಂತಿತು. "ಇವೇನಲೇ?"

"ಬಿಸಲಿಗೆ ಹೋದವು. ನೀರೂ ಸವುಳು. ನಿಮ್ಮ ಬೋರೂ ಹಂಗೇ ಅದ."

"ಯಾವಾಗ ಹೇಳಾಂವ ಇದ್ದಿ? ನನ್ನ ಹೊಲಾ ಸಪಾಟ ಆದ ಮ್ಯಾಲೇನು?"

ನಾನು ಒಣಗಿದ ಒಂದು ಕುಂಡವನ್ನು ಕಾಲಿನಿಂದ ಇನ್ನಷ್ಟು ಹಿಂದಕ್ಕೆ ಸರಿಸಿದೆ.

ಅಕ್ಕ ಒಣಗಿದ ಕುಂಡಗಳ ಮೇಲೂ ಚರಗ ಚೆಲ್ಲಿದಳು, ಉಳಿದ ಮೂಲೆಗಳಿಗಿಂತ ತುಸು ಹೆಚ್ಚೇ. "ಪರದೆ ಬ್ಯಾಡ ಈಗ. ಬೇವಿನ ಗಿಡದ ಕೆಳಗ ಒಂದೆರಡು ಕುಂಡ ಇಟ್ಟು ನಮ್ಮ ಬೋರಿನ ನೀರೇ ಹಾಕ್ತೇನಿ. ಬ್ಯಾಸಗಿ ದಾಟಿದ್ರ ನೋಡೂಣು."

ನಾನು ಬಾಗಿಲ ಬಳಿಯ ಹೂವಿನ ಕುಂಡಕ್ಕೆ ಕೈ ಹಾಕಿದೆ.

"ಅದಲ್ಲ. ಇಲ್ಲಿವು. ಜೀವ ಇದ್ದವು ಹುಡುಕಿ ಕೊಡು."

ಮೊಣಕಾಲೂರಿ ಒಂದೊಂದನ್ನೂ ಎತ್ತಿ, ಬೇರು ಹಸಿರಿದೆಯೇ ಎಂದು ನೋಡುತ್ತ ಹೋದೆ. ಅವಳು ಖಾಲಿ ಬುಟ್ಟಿ ಹಿಡಿದು ಕಾಯುತ್ತ ನಿಂತಳು.