ಗರಾಜಿನಲ್ಲಿ ತ್ರಿಬಲ್ ರೈಡಿಂಗ್

ಆಫೀಸಿನಿಂದ ಬಂದು ರಿಮೋಟ್ ಒತ್ತಿದೆ. ಸಿಡ್ನಿಯ ದಿ ಪಾಂಡ್ಸ್‌ನಲ್ಲಿರುವ ನಮ್ಮ ಮನೆಯ ಗರಾಜಿನ ಬಾಗಿಲು ಮೇಲೇಳುತ್ತಿದ್ದಂತೆ ಒಳಗಿನಿಂದ ಅತ್ತೆ ಕೂಗಿದರು: "ರೀ, ಹಿಂದೆ ಕಾರು ಬರ್ತಿದೆ! ಸೈಡಿಗೆ ತಗೊಳ್ಳಿ!"

ಮಂಡಿ ಆಪರೇಷನ್ ಆದ ಮಾವನಿಗೆಂದು ನನ್ನ ಗಂಡ ಅಲ್ಲಿ ಇದ್ದಲ್ಲೇ ತುಳಿಯುವ ವ್ಯಾಯಾಮದ ಸೈಕಲ್ಲೊಂದನ್ನು ಬಾಡಿಗೆಗೆ ತಂದಿಟ್ಟಿದ್ದರು. ಬೇಸರವಾಗದಿರಲೆಂದು ಎದುರಿನ ಟಿವಿಯಲ್ಲಿ ಸ್ಪೇನಿನ ನದಿಯೊಂದರ ಪಕ್ಕದಲ್ಲೇ ಸಮುದ್ರದವರೆಗೆ ಸೈಕಲ್‌ನಲ್ಲಿ ಹೋಗುವ ವಿಡಿಯೊ. ಇದಿಷ್ಟು ನನಗೆ ಗೊತ್ತಿತ್ತು. ಅತ್ತೆಯೂ ಜೊತೆಗೆ ಹೋಗುತ್ತಿದ್ದಾರೆಂಬುದು ಗೊತ್ತಿರಲಿಲ್ಲ. ಸೈಕಲ್ಲಿನ ಹಿಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು, ಕ್ಯಾರಿಯರ್ ಮೇಲೆ ಕೂತವರ ಹಾಗೆ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು, ಚಕ್ರಕ್ಕೆ ಸಿಕ್ಕದಂತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತೊಡೆಯ ಮೇಲೆ ಚಿತ್ರಾನ್ನದ ಡಬ್ಬಿ ಇಟ್ಟುಕೊಂಡಿದ್ದರು. ಟಿವಿಯಲ್ಲಿ ಯಾವುದೋ ಹಳೇ ಊರಿನ ಕಲ್ಲಿನ ಕಮಾನು ಬಂತು. ಇಬ್ಬರೂ ತಲೆ ತಗ್ಗಿಸಿದರು.

ನನ್ನನ್ನು ಕಂಡು ಮಾವ ಗಾಬರಿಯಿಂದ ತುಳಿಯುವುದನ್ನು ನಿಲ್ಲಿಸಿದರು. ಅತ್ತೆ ನನ್ನ ಕೈ ಹಿಡಿದುಕೊಂಡರು. "ಇವರ ಮಂಡಿ ಎಂದೋ ಸರಿಹೋಗಿದೆ ಕಣೇ. ನಿನ್ನ ಗಂಡನಿಗೆ ಮಾತ್ರ ಹೇಳ್ಬೇಡ, ಸೈಕಲ್ ವಾಪಸ್ ಕೊಟ್ಬಿಡ್ತಾನೆ. ಸಮುದ್ರ ಸೇರೋಕೆ ಇನ್ನೂ ಮೂರು ಊರು ದಾಟ್ಬೇಕು."

ಈಗ ನನ್ನ ಕಾರು ರಸ್ತೆಯಲ್ಲೇ ನಿಲ್ಲುತ್ತದೆ. ಅಪ್ಪನ ಮಂಡಿ ಹೇಗಿದೆ ಎಂದು ಗಂಡ ಕೇಳಿದಾಗಲೆಲ್ಲ "ಇನ್ನೂ ನೋವಿದೆಯಂತೆ" ಎನ್ನುತ್ತೇನೆ. ನಿನ್ನೆ ಅತ್ತೆ ತಮ್ಮ ಕುರ್ಚಿಯ ಹಿಂದೆ ಇನ್ನೊಂದು ಕುರ್ಚಿ ಹಾಕಿಟ್ಟಿದ್ದರು. ದುಪಟ್ಟಾ ಬಿಗಿಯಾಗಿ ಸುತ್ತಿಕೊಂಡು ಕೂತೆ. ಸ್ಪೇನಿನ ಪೊಲೀಸರು ಹಿಡಿಯದಿದ್ದರೆ ಸಾಕು.