ಮೂರನೆಯ ಪೆಡಲು

ಯಾರ ಕಾರಿನಲ್ಲಿ ಕೂತರೂ ನನ್ನ ಬಲಗಾಲು ಸುಮ್ಮನಿರುವುದಿಲ್ಲ. ಡ್ರೈವ್ ಮಾಡುವವರ ಪಕ್ಕದಲ್ಲಿ ಕೂತು, ಬೆಲ್ಟು ಬಿಗಿದುಕೊಂಡು, ಮಡಿಲಲ್ಲಿ ಹ್ಯಾಂಡ್‌ಬ್ಯಾಗ್ ಇಟ್ಟುಕೊಂಡು, ವೆರಿ ಪ್ರಾಪರ್ ಆಗಿ ಹೊರಗೆ ನೋಡುತ್ತಿರುತ್ತೇನೆ. ಕಾರು ತುಸು ವೇಗ ಬದಲಿಸಿತೋ ಇಲ್ಲವೋ, ಕಾಲು ನನ್ನನ್ನು ಕೇಳದೆಯೇ ಬಲಕ್ಕೆ ಸರಿದು, ಅಲ್ಲಿಲ್ಲದ ಏನನ್ನೋ ಮೆಲ್ಲಗೆ ಅದುಮುತ್ತದೆ. ಮೊಮ್ಮಗಳು ಇದನ್ನು ಕಂಡು, ಅಜ್ಜಿಗೆ ತನ್ನ ಡ್ರೈವಿಂಗಿನ ಮೇಲೆ ನಂಬಿಕೆಯಿಲ್ಲ, ಬ್ರೇಕ್ ಹುಡುಕುತ್ತಾರೆ ಎಂದು ಮುನಿಸಿಕೊಂಡಿದ್ದಾಳೆ. ಅವಳಿಗೆ ಹೇಳಲು ಹೊರಟರೆ ಅಷ್ಟರಲ್ಲಿ ಇಳಿಯುವ ಜಾಗ ಬಂದುಬಿಡುತ್ತದೆ. ಪುರುಸೊತ್ತಿರುವ ನಿಮಗಾದರೂ ಹೇಳುತ್ತೇನೆ: ನನ್ನ ಕಾಲು ಹುಡುಕುವುದು ಕ್ಲಚ್ಚನ್ನು; ಅದೂ ಇನ್ನೊಬ್ಬರು ಓಡಿಸುತ್ತಿರುವ ಕಾರಿನ ಕ್ಲಚ್ಚನ್ನು.

ಐವತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ಬೆಂಗಳೂರಿನ ದಂಡಿನ, ಅಂದರೆ ಕಂಟೋನ್ಮೆಂಟಿನ ಕಡೆಯಿಂದ ರಾಜಾಜಿನಗರಕ್ಕೆ ಬಂದೆ. ಆಗಿನ ರಾಜಾಜಿನಗರವೆಂದರೆ ರಸ್ತೆಗಳು ಮೊದಲು ಬಂದು, ಮನೆಗಳಿಗಾಗಿ ಕಾದು ಕುಳಿತಿದ್ದ ಊರು. ಗೆರೆ ಎಳೆದ ಕಾಪಿ ಪುಸ್ತಕದ ಹಾಗೆ ಬರಿದಾದ ಅಡ್ಡರಸ್ತೆಗಳು, ನಡುನಡುವೆ ಮರಳಿನ ಗುಡ್ಡೆ, ಸೈಜುಕಲ್ಲಿನ ರಾಶಿ, ಇನ್ನೂ ತಾನು ಹೊಲವೆಂದೇ ತಿಳಿದುಕೊಂಡು ಅವರೆಬಳ್ಳಿ ಹಬ್ಬಿಸುತ್ತಿದ್ದ ಸೈಟುಗಳು. ಆ ಹೊಲಗಳಲ್ಲಿ ಕೆಲವು ನಮ್ಮ ಮಾವನವರದ್ದೇ ಆಗಿದ್ದವು. ಭೂಮಿ ಬಡಾವಣೆಗೆ ಹೋದ ಮೇಲೆ ಎತ್ತುಗಳನ್ನು ನೆಂಟರಿಗೆ ಕೊಟ್ಟು, ಆ ಖಾಲಿ ಕೊಟ್ಟಿಗೆಯನ್ನು ನೋಡಲಾರದೆ, ಇಂಗ್ಲೆಂಡಿಗೆ ಹೊರಟಿದ್ದ ಒಬ್ಬ ಬಿಳಿಯ ದೊರೆಯಿಂದ ಹಳೆಯ ಅಮೆರಿಕನ್ ಕಾರೊಂದನ್ನು ಕೊಂಡು ತಂದು ಅಲ್ಲಿ ಕಟ್ಟಿದ್ದರು. ಕಟ್ಟಿದ್ದರು ಎಂದೇ ಅವರು ಹೇಳುತ್ತಿದ್ದುದು. ಹಾಲುಕೆನೆಯ ಬಣ್ಣದ, ದೋಣಿಯಂಥ ಕಾರು. ಮುಂದಿನ ಸೀಟು ಈ ಬಾಗಿಲಿನಿಂದ ಆ ಬಾಗಿಲಿನವರೆಗೂ ಒಂದೇ ಸೋಫಾ. ಗೇರು ಬದಲಿಸುವ ಗೋಜು ಅದರಲ್ಲಿ ಇರಲಿಲ್ಲ. ಸ್ಟಿಯರಿಂಗಿನ ಕೊರಳಲ್ಲಿದ್ದ ಸಣ್ಣ ಲಿವರನ್ನು ಒಮ್ಮೆ ಸರಿಸಿದರೆ ಮುಗಿಯಿತು, ಮಿಕ್ಕಿದ್ದೆಲ್ಲ ಆಟೊಮ್ಯಾಟಿಕ್. ಕಾಲಿಗೆ ಎರಡೇ ಪೆಡಲು, ಒಂದು ಹೋಗುವುದಕ್ಕೆ, ಒಂದು ನಿಲ್ಲುವುದಕ್ಕೆ.

ಆ ಕಾರನ್ನು ಓಡಿಸುತ್ತಿದ್ದವರು ನಮ್ಮ ಅತ್ತೆ.

ನಂಬುವುದು ಕಷ್ಟ, ಬಲ್ಲೆ. ಕಾಸಿನಗಲ ಕುಂಕುಮ, ಸೆರಗನ್ನು ಸೊಂಟಕ್ಕೆ ಬಿಗಿದ ಇಳಕಲ್ ಸೀರೆ, ಬರಿಗಾಲು. ಚಿಕ್ಕಂದಿನಲ್ಲಿ ಕಣದಲ್ಲಿ ರಾಗಿ ಒಕ್ಕುವಾಗ ಗುಂಡುಕಲ್ಲು ಅವರ ಎಡಪಾದದ ಮೇಲೆ ಉರುಳಿ ಕೀಲು ಹಾಗೇ ಕೂಡಿಕೊಂಡುಬಿಟ್ಟಿತ್ತು. ನಡೆಯುವಾಗ ಆ ಪಾದ ಮಡಿಸದೆ ಮರದ ಹಲಗೆಯಂತೆ ಬೀಳುತ್ತಿತ್ತು. ಆದರೆ ಆ ಕಾರು ಎಡಗಾಲನ್ನು ಕೇಳುತ್ತಲೇ ಇರಲಿಲ್ಲ. ಮೊದಲ ಬಾರಿ ಮಾವ ತಮಾಷೆಗೆ ಕೂರಿಸಿದಾಗ ಅವರು ಖಾಲಿ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬಂದು, ಇದೇನು ಮಹಾ, ಮೂಗುದಾರಕ್ಕಿಂತ ಹಗುರ ಅಂದರಂತೆ.

ಅವರು ಹೋಗುತ್ತಿದ್ದುದು ಒಂದೇ ಊರಿಗೆ, ಕೆಂಗೇರಿಯ ಆಚೆ ಇದ್ದ ತೌರಿಗೆ. ಅಲ್ಲಿ ಕಣ್ಣು ಮಂಜಾದ ಅವರ ತಾಯಿ ಇದ್ದರು. ಮಾವನಿಗೂ ಅವರ ಭಾವಮೈದುನರಿಗೂ ಯಾವುದೋ ಬಾವಿಯ ನೀರಿನ ಸರದಿಯ ಮೇಲೆ ಮಾತು ಬಿಟ್ಟು ಯುಗವಾಗಿತ್ತು. ಮಾವ ಆ ಹೊಸ್ತಿಲು ತುಳಿಯುತ್ತಿರಲಿಲ್ಲ. ಹಾಗೆಂದು ಹೆಂಡತಿ ಒಬ್ಬಳೇ ಬಸ್ಸಿನಲ್ಲಿ ಹೋಗಿ ಇಳಿದರೆ, ಗಂಡ ಕಳಿಸಿಕೊಡಲಿಲ್ಲವೆಂದು ಊರು ಆಡಿಕೊಳ್ಳುತ್ತಿತ್ತು. ಗಂಡನ ಕಾರಿನಲ್ಲಿ ಹೋಗಿ ಇಳಿದರೆ ಎರಡು ಮನೆಯ ಮಾನವೂ ಉಳಿಯುತ್ತಿತ್ತು. ಆದ್ದರಿಂದ ಪ್ರತಿ ಶನಿವಾರ ಅತ್ತೆ ಕಾರು ತೆಗೆಯುತ್ತಿದ್ದರು. ಎಲ್ಲಿಗೆ ಎಂದು ಮಾವ ಕೇಳುತ್ತಿರಲಿಲ್ಲ. ಆದರೆ ಹಿಂದಿನ ದಿನ ತಾವೇ ಹೋಗಿ ಪೆಟ್ರೋಲು ತುಂಬಿಸಿ ತರುತ್ತಿದ್ದರು. ದಾಂಪತ್ಯವೆಂಬುದರ ಎಷ್ಟೋ ಡೆಫಿನಿಷನ್ನುಗಳನ್ನು ಆಮೇಲೆ ಓದಿದ್ದೇನೆ. ಯಾವುದೂ ಆ ಪೆಟ್ರೋಲಿನಷ್ಟು ಖಚಿತವಾಗಿರಲಿಲ್ಲ.

ನನಗೂ ಅತ್ತೆಗೂ ಆಗ ಅಷ್ಟಕ್ಕಷ್ಟೆ. ಜಗಳವೇನಲ್ಲ, ಮಾತೇ ಇರಲಿಲ್ಲ. ನನ್ನದು ಕಾನ್ವೆಂಟಿನ ಸಿಸ್ಟರುಗಳು ತಿದ್ದಿದ ಮೆಲುದನಿ. ಅವರದು ಹೊಲದ ಈ ಬದುವಿನಿಂದ ಆ ಬದುವಿಗೆ ಕೇಳಿಸಬೇಕಾದ ಕನ್ನಡ. ನಾನು ಗಾಜಿನ ಸಾಮಾನೇನೋ ಎಂಬಂತೆ ಅವರು ನನ್ನನ್ನು ಸುತ್ತುಹಾಕಿಕೊಂಡು ಓಡಾಡುತ್ತಿದ್ದರು. ಹೊಸ ಸೊಸೆಯೂ ಒಂದು ಆಟೊಮ್ಯಾಟಿಕ್ ಗಾಡಿಯೇ ತಾನೆ? ಮಗಳ ಗೇರಿನಿಂದ ಸೊಸೆಯ ಗೇರಿಗೆ ಯಾರೂ ಕೈ ಹಾಕದೆಯೇ, ಸದ್ದಿಲ್ಲದೆ, ತಾನಾಗಿ ಬದಲಾಗಬೇಕು. ಒಳಗೆ ಯಾವ ಎಣ್ಣೆ ಕಾಯುತ್ತಿದೆ, ಯಾವ ಹಲ್ಲು ಸವೆಯುತ್ತಿದೆ ಎಂದು ಬಾನೆಟ್ಟು ಎತ್ತಿ ನೋಡುವವರಿಲ್ಲ. ನನ್ನ ತೌರು ಅದೇ ಬೆಂಗಳೂರಿನ ಇನ್ನೊಂದು ಅಂಚಿನಲ್ಲಿತ್ತು, ಆದರೂ ಹಬ್ಬ ಬರದೆ ಅಲ್ಲಿಗೆ ಹೋಗುವ ವಾಡಿಕೆಯಿರಲಿಲ್ಲ.

ಒಂದು ಮಳೆಗಾಲದಲ್ಲಿ, ಮಾಗಡಿ ರಸ್ತೆಯ ಏರಿನಲ್ಲಿ, ಆ ಆಟೊಮ್ಯಾಟಿಕ್ ಗೇರುಪೆಟ್ಟಿಗೆ ಕೈಬಿಟ್ಟಿತು. ಇಂಜಿನ್ನು ಕೂಗುತ್ತದೆ, ಚಕ್ರ ತಿರುಗುವುದಿಲ್ಲ. ಅದನ್ನು ಬಿಚ್ಚಿ ಕಂಡವರು ಊರಲ್ಲಿ ಇರಲಿಲ್ಲ. ಬಿಡಿಭಾಗಗಳು ಹಡಗು ಹತ್ತಿ ಬರಬೇಕು. ಮೈಸೂರು ರಸ್ತೆಯಲ್ಲಿ ಶೆಡ್ಡು ಇಟ್ಟಿದ್ದ ಖಾದರ್ ಸಾಬರು ಎಲ್ಲವನ್ನೂ ನೋಡಿ, ಮೀಸೆ ತಿರುವಿ, ದೊರೆಗಳ ಸೋಮಾರಿತನವನ್ನು ತೆಗೆದುಹಾಕಿ ಇದಕ್ಕೆ ಕೈಯಲ್ಲಿ ಗೇರು ಬದಲಿಸುವ, ಗಂಡಸಿನ ಗೇರ್‌ಬಾಕ್ಸ್ ಕೂರಿಸುತ್ತೇನೆ ಎಂದರು. ಅದೇ ಕಂಪನಿಯ, ಅಪಘಾತವಾಗಿ ಬಿದ್ದಿದ್ದ ಇನ್ನೊಂದು ಕಾರಿನದ್ದು ಅವರ ಬಳಿ ಇತ್ತು. ಕೆಲಸ ತಿಂಗಳುಗಟ್ಟಲೆ ನಡೆಯಿತು: ಫ್ಲೈವೀಲು ಬೇರೆ ಹಾಕಬೇಕು, ಹಿಂದಿನ ಆ್ಯಕ್ಸಲಿಗೆ ಹೋಗುವ ಉದ್ದದ ಶಾಫ್ಟನ್ನು ಅಳತೆಗೆ ಕತ್ತರಿಸಿ ಬೆಸೆಯಬೇಕು, ಅಗಲವಾದ ಬ್ರೇಕ್ ಪೆಡಲನ್ನು ಕಿರಿದು ಮಾಡಿ ಪಕ್ಕದಲ್ಲಿ ಜಾಗ ಬಿಡಿಸಬೇಕು. ಮಾವ ದಿನವೂ ಹೋಗಿ ನೋಡಿ ಬಂದು ಊಟದ ಹೊತ್ತಿಗೆ ವರದಿ ಒಪ್ಪಿಸುತ್ತಿದ್ದರು. ಪಕ್ಕದಲ್ಲಿ ಜಾಗ ಯಾತಕ್ಕೆ ಎಂದು ನಮ್ಮಲ್ಲಿ ಯಾರೂ ಕೇಳಲಿಲ್ಲ. ಅತ್ತೆಯೂ ಕೇಳಲಿಲ್ಲ, ಅವರು ಶನಿವಾರಗಳನ್ನು ನುಂಗಿಕೊಂಡು, ಕಾರು ವಾಸಿಯಾಗಿ ಬರುತ್ತದೆ ಎಂದಷ್ಟೇ ಕಾದಿದ್ದರು.

ಕಾರು ಮರಳಿ ಬಂದ ಬೆಳಿಗ್ಗೆ ಅತ್ತೆ ಆರತಿ ತಟ್ಟೆ ಹಿಡಿದು ಬಂದವರು, ಬಾಗಿಲು ತೆಗೆದು ಒಳಗೆ ಬಗ್ಗಿ ನೋಡಿದರು.

“ಮೂರು ಯಾಕಿದಾವೆ ಸಾಬ್ರೇ?”

“ಎಡಗಾಲು ಇಷ್ಟು ದಿನ ಸುಮ್ನೆ ಕೂತಿತ್ತಲ್ಲಮ್ಮ, ಅದಕ್ಕೂ ಒಂದು ಕೆಲಸ ಕೊಟ್ಟಿದೀನಿ,” ಎಂದರು ಖಾದರ್ ಸಾಬರು, ಹೆಮ್ಮೆಯಿಂದ.

ಅತ್ತೆ ಕಾರಿಗೆ ಕುಂಕುಮ ಹಚ್ಚಿದರು. ಮಾವನ ಮುಖ ಮಾತ್ರ ಬಿಳಿಚಿತು. ಆ ಮೂರನೆಯದನ್ನು ಅತ್ತೆಯ ಎಡಪಾದ ಒತ್ತಲಾರದೆಂದು ಅವರಿಗೆ ಹೊಳೆದದ್ದೇ ಆಗ. ಆ ಕಸಿವಿಸಿಯಲ್ಲೇ ಅವರು ಸ್ಟಿಯರಿಂಗ್ ಹಿಡಿದರು. ಬೀದಿಯ ಜನವೆಲ್ಲ ಸೇರಿತ್ತು. ನಾಲ್ಕೂ ಚಕ್ರಗಳ ಮುಂದೆ ನಿಂಬೆಹಣ್ಣು ಇಟ್ಟಾಗಿತ್ತು. ಅವುಗಳನ್ನು ಅರೆದುಕೊಂಡು ಗಾಡಿ ಮುಂದಕ್ಕೆ ಹೋದರೆ ದೃಷ್ಟಿ ಕಳೆಯಿತು ಎಂದು ಲೆಕ್ಕ. ಮಾವನ ಕೈ ಹಳೆಯ ಅಭ್ಯಾಸದಂತೆ ಲಿವರನ್ನು ಹಳೆಯ ಜಾಗಕ್ಕೇ ತಳ್ಳಿತು. ಹೊಸ ಪೆಟ್ಟಿಗೆಯಲ್ಲಿ ಅದು ರಿವರ್ಸಿನ ಜಾಗ. ಕಾರು ಓರೆಯಾಗಿ ಹಾರಿಕೊಂಡು ಹಿಂದಕ್ಕೆ ಹೋಗಿ, ಎದುರು ಸೈಟಿನ ಮರಳ ಗುಡ್ಡೆಯಲ್ಲಿ ಬಾಲ ಹೂತುಕೊಂಡು ನಿಂತಿತು. ನಾಲ್ಕು ನಿಂಬೆಹಣ್ಣುಗಳೂ ರಸ್ತೆಯಲ್ಲಿ ಇದ್ದಲ್ಲೇ, ಹಳದಿಯಾಗಿ, ಇಡಿಯಾಗಿ ಕೂತಿದ್ದವು.

ಯಾರೋ ನಕ್ಕರು, ಯಾರೋ ಇದು ಅಪಶಕುನ ಎಂದರು. ಕಾರು ಕೊಟ್ಟಿಗೆ ಸೇರಿತು. ಮಾರಿಬಿಡುವ ಮಾತಾಯಿತು, ಆಮೇಲೆ, ತಪ್ಪಿತಸ್ಥರ ದನಿಯಲ್ಲಿ, ಡ್ರೈವರೊಬ್ಬನನ್ನು ಇಡೋಣ ಎಂಬ ಮಾತು. ಅತ್ತೆ ಬೇಡವೆಂದರು. ಕಾರಣ ಹೇಳಲಿಲ್ಲ. ಹಿತ್ತಲಿನಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಾಗ ನಾನೇ ಧೈರ್ಯ ಮಾಡಿ, ಡ್ರೈವರ್ ಇದ್ದರೆ ಆರಾಮಲ್ಲವೇ ಅತ್ತೆ ಎಂದು ಕೇಳಿದೆ. ಅವರು ತಲೆ ಎತ್ತಲಿಲ್ಲ.

“ಅವ್ವನ ಮನೆಯಿಂದ ಬರ್ತಾ ಅಳ್ತೀನಿ ಕಣವ್ವ ನಾನು. ದಾರಿಯುದ್ದಕ್ಕೂ. ಮನೆ ಬರೋ ಹೊತ್ಗೆ ಮುಖ ಒರೆಸ್ಕೊಂಡಿರ್ತೀನಿ. ಡ್ರೈವರ್ ಮುಂದೆ ಅಳಕ್ಕಾಯ್ತದಾ?”

ಆ ಮನೆಗೆ ಬಂದ ಮೇಲೆ ಅವರು ನನ್ನೊಡನೆ ಆಡಿದ ಮೊದಲ ದೊಡ್ಡ ಮಾತು ಅದು. ಬಚ್ಚಲಿನಲ್ಲಿ ನೀರು ಸುರಿಯುವ ಸದ್ದಿನ ಮರೆಯಲ್ಲಿ ಅಳುತ್ತಿದ್ದವಳು ನಾನು. ಈ ಮನೆಯಲ್ಲಿ ಇನ್ನೊಬ್ಬರೂ ತೌರಿಗಾಗಿ ಅಳುತ್ತಾರೆ, ಅದೂ ಮೊಮ್ಮಕ್ಕಳು ಬರುವ ವಯಸ್ಸಿನಲ್ಲಿ, ಎಂಬುದು ನನಗೆ ಗೊತ್ತೇ ಇರಲಿಲ್ಲ.

ನಮ್ಮ ಕಾನ್ವೆಂಟಿನ ಹಾಲಿನಲ್ಲಿ ಒಂದು ಪಿಯಾನೊ ಇತ್ತು. ಸಿಸ್ಟರ್ ನಮ್ಮನ್ನು ಇಬ್ಬಿಬ್ಬರಾಗಿ ಒಂದೇ ಬೆಂಚಿನ ಮೇಲೆ ಕೂರಿಸಿ ಡ್ಯುಯೆಟ್ ನುಡಿಸಲು ಕಲಿಸಿದ್ದರು. ನಾಲ್ಕು ಕೈ, ಒಂದು ರಾಗ. ಆದರೆ ಪೆಡಲನ್ನು ಒತ್ತುವ ಕಾಲು ಒಬ್ಬಳದೇ, ಎಡಗಡೆ ಕೂತವಳದು. ಬಲಗಡೆಯವಳು ರಾಗವನ್ನು ನಡೆಸುತ್ತಾಳೆ, ಎಡಗಡೆಯವಳು ಅವಳ ಉಸಿರು ನೋಡಿಕೊಂಡು ಒತ್ತುತ್ತಾಳೆ, ಬಿಡುತ್ತಾಳೆ. ಮರುದಿನ ಮಧ್ಯಾಹ್ನ ಕೊಟ್ಟಿಗೆಗೆ ಹೋಗಿ ಆ ಉದ್ದನೆಯ ಸೋಫಾ ಸೀಟನ್ನು ನೋಡುತ್ತಾ ನಿಂತವಳಿಗೆ ಥಟ್ಟನೆ ಅದು ಪಿಯಾನೊ ಬೆಂಚಾಗಿ ಕಂಡಿತು. ಮೂರನೆಯ ಪೆಡಲು ಇದ್ದದ್ದು ಎಡತುದಿಯಲ್ಲಿ. ಅತ್ತೆಯನ್ನು ಒತ್ತಿಕೊಂಡು ನಡುವೆ ಕೂತರೆ ನನ್ನ ಬಲಗಾಲಿಗೆ ಅದು ಸಲೀಸಾಗಿ ಸಿಗುತ್ತಿತ್ತು.

ಖಾಲಿ ರಸ್ತೆಗಳ ರಾಜಾಜಿನಗರ ನಮಗೆ ಶಾಲೆಯಾಯಿತು. ಮಾವ ಊಟ ಮುಗಿಸಿ ಮಲಗಿದ ಮೇಲೆ, ನನ್ನ ಯಜಮಾನರು ಕಾರ್ಖಾನೆಯಿಂದ ಬರುವ ಮುಂಚೆ. ಅತ್ತೆ ಆ್ಯಕ್ಸಿಲರೇಟರಿನಿಂದ ಕಾಲೆತ್ತಿ “ಹೂಂ” ಅನ್ನುವರು, ನಾನು ಕ್ಲಚ್ ಒತ್ತುವೆ, ಅವರು ಎಡಗೈಯಲ್ಲಿ ಲಿವರ್ ಎಳೆದು “ಬುಡು” ಅನ್ನುವರು, ನಾನು ಬಿಡುವೆ. ಬಿಡುವುದೇ ಕಷ್ಟ. ಒತ್ತುವುದಕ್ಕೆ ಬಲ ಸಾಕು, ಬಿಡುವುದಕ್ಕೆ ಹದ ಬೇಕು. ಮೊದಮೊದಲು ನಾನು ತಟ್ಟನೆ ಬಿಟ್ಟು ಕಾರು ಎಳಗರುವಿನಂತೆ ನೆಗೆದು ನೆಗೆದು ಸಾಯುತ್ತಿತ್ತು. ಅತ್ತೆ ಬಯ್ಯುತ್ತಿರಲಿಲ್ಲ. “ಹಾಲು ಕರೆಯೋವಾಗ ಕೆಚ್ಚಲು ಬುಡ್ತೀವಲ್ಲ, ಹಂಗೆ,” ಎಂದರು ಒಮ್ಮೆ. ನಾನು ಜನ್ಮದಲ್ಲಿ ಹಸು ಕರೆದವಳಲ್ಲ ಎಂಬುದು ಹೇಳಿದ ಮೇಲೆ ಅವರಿಗೇ ಹೊಳೆದು, ಸ್ಟಿಯರಿಂಗಿನ ಮೇಲೆ ತಲೆಯಿಟ್ಟು ನಕ್ಕರು. ಅವರ ಹೆಗಲು ನನ್ನ ಹೆಗಲಿಗೆ ತಾಗಿ ಕುಲುಕುತ್ತಿತ್ತು.

ಕ್ಲಚ್ಚಿನ ಬಗ್ಗೆ ನಾನು ಬಹಳ ಯೋಚಿಸಿದ್ದೇನೆ, ನಗಬೇಡಿ. ಇಂಜಿನ್ನನ್ನೂ ಚಕ್ರವನ್ನೂ ಒಂದು ಗಳಿಗೆ ಬೇರೆ ಮಾಡುವುದಷ್ಟೇ ಅದರ ಧರ್ಮ. ಹರಿಯುವುದಲ್ಲ, ಕಡಿಯುವುದಲ್ಲ, ಮುಂದಿನ ಹಲ್ಲಿಗೆ ಹಲ್ಲು ನೋಯದ ಹಾಗೆ ಕೂಡಲೆಂದು ಕೊಡುವ ಒಂದು ಉಸಿರಿನ ಬಿಡುವು. ಹೆಣ್ಣುಮಕ್ಕಳನ್ನು ಒಂದು ಮನೆಯಿಂದ ಇನ್ನೊಂದಕ್ಕೆ ದಾಟಿಸುವಾಗ ಈ ಬಿಡುವನ್ನು ಕೊಡಲು ನಮ್ಮವರಿಗೆ ಏಕೋ ತೋಚಲಿಲ್ಲ. ಆಟೊಮ್ಯಾಟಿಕ್ಕಿನ ಸುಖವನ್ನು ನಾನು ಹಳಿಯುವುದಿಲ್ಲ, ಅತ್ತೆಯ ಕಾಲಿಗೆ ಅದು ದೇವರಂತೆ ಒದಗಿತ್ತು. ಆದರೆ ಅದು ಕೆಡದಿದ್ದರೆ ನಾವಿಬ್ಬರೂ ಒಂದೇ ಸೂರಿನಡಿ, ತಂತಮ್ಮ ಪಾಡಿಗೆ, ಸದ್ದಿಲ್ಲದೆ ಉರುಳಿಕೊಂಡು ಹೋಗಿಬಿಡುತ್ತಿದ್ದೆವಲ್ಲ ಎನಿಸುತ್ತದೆ.

ಗುಟ್ಟು ಉಳಿಯಲಿಲ್ಲ, ಉಳಿಯುವಂಥ ಗಾತ್ರದ್ದೂ ಆಗಿರಲಿಲ್ಲ. ಒಂದು ಶನಿವಾರ ಬೆಳಿಗ್ಗೆ ನಾವು ಹೊರಟು ನಿಂತರೆ ಮಾವ ಕಾರಿನ ಮುಂದೆ ನಿಂತಿದ್ದರು, ಕೈಯಲ್ಲಿ ನಾಲ್ಕು ನಿಂಬೆಹಣ್ಣು. ಪೆಟ್ರೋಲಿನ ಮುಳ್ಳು ತುಂಬಿದ ಗುರುತಿನಲ್ಲಿತ್ತು.

“ಮುಂದೆ ಮಡಗ್ಲೋ, ಹಿಂದೆ ಮಡಗ್ಲೋ?” ಎಂದು ಗಂಭೀರವಾಗಿ ಕೇಳಿದರು.

“ನೀವು ಓಡ್ಸೋದಾದ್ರೆ ಹಿಂದೆ, ನಾವು ಓಡ್ಸೋದಾದ್ರೆ ಮುಂದೆ,” ಎಂದರು ಅತ್ತೆ.

ಮಾವ ಬಗ್ಗಿ ಒಂದೊಂದನ್ನೇ ಚಕ್ರಗಳ ಮುಂದಿಟ್ಟು ದಾರಿ ಬಿಟ್ಟು ನಿಂತರು. ಹೂಂ, ಬುಡು, ಚಪ್ ಎಂದು ಹಣ್ಣೊಡೆದ ಸದ್ದು ಸೀಟಿನವರೆಗೂ ಕೇಳಿಸಿತು. ಅತ್ತಿಗುಪ್ಪೆಯ ಕಡೆಯ ಕೆರೆಬಯಲಿನ ಗಾಳಿ, ಗಾಳಿ ಆಂಜನೇಯನ ಗುಡಿಯೆದುರು ಒಂದು ಕೈಮುಗಿತ, ಆಮೇಲೆ ಹುಣಸೆಮರಗಳ ನೆರಳಿನ ಮೈಸೂರು ರಸ್ತೆ. ಪಕ್ಕದಲ್ಲಿ ತಿಳಿನೀರಿನ ವೃಷಭಾವತಿ ಹೊಳೆ, ಹೌದು, ಈಗಿನ ಕೊಚ್ಚೆಯಲ್ಲ, ತಿಳಿನೀರೇ. ತೌರಿನ ಜಗಲಿಯಲ್ಲಿ ಆ ಮಂಜುಗಣ್ಣಿನ ಅಜ್ಜಿ ಕಾರಿನ ಸದ್ದು ಬದಲಾಗಿದೆ ಎಂದು ಕೂಡಲೇ ಗುರುತು ಹಿಡಿದರು. ಬರುವಾಗ, ಕೆಂಗೇರಿ ದಾಟಿದ ಮೇಲೆ, ಅತ್ತೆ ಅತ್ತರು. ನಾನು ರಸ್ತೆಯನ್ನೇ ನೋಡುತ್ತಾ ಅವರ “ಹೂಂ”ಗೆ ಕಾದೆ. ಅಳುವಿನ ನಡುವೆ ಅದು ಸರಿಯಾಗಿ ಹೊರಡದೇ ಇದ್ದಾಗ, ಅವರ ಹೆಗಲು ಬಿಗಿಯುವುದನ್ನು ತಿಳಿದು ಒತ್ತಲು ಕಲಿತೆ. ಆಮೇಲಾಮೇಲೆ ನಾನೂ ಅಳುತ್ತಿದ್ದೆ. ಯಾಕೆ ಎಂದು ಅವರು ಕೇಳಲಿಲ್ಲ.

ಕೆಲವು ವರ್ಷ ಹೀಗೆ ಓಡಾಡಿದೆವು. ನಡುನಡುವೆ ಅತ್ತೆ ನನ್ನನ್ನು ಬಲಗಡೆ ಕೂರಿಸಿ, ಎರಡು ಕಾಲಿನ ಕೆಲಸವನ್ನೂ ನನಗೇ ಕಲಿಸಿದರು. ಆಮೇಲೊಂದು ಬೇಸಿಗೆಯಲ್ಲಿ ಅಜ್ಜಿ ತೀರಿಕೊಂಡರು. ಮಾವ ಆ ಹೊಸ್ತಿಲನ್ನು ಅಂದು ತುಳಿದರು. ಬಾವಿಯ ಮಾತು ಯಾರೂ ಎತ್ತಲಿಲ್ಲ. ತಿಥಿಯೆಲ್ಲ ಮುಗಿದು ಬಂದ ಮೊದಲ ಶನಿವಾರ, ಅತ್ತೆ ಎಂದಿನಂತೆ ತಲೆ ಬಾಚಿ ಸೆರಗು ಬಿಗಿದು ಕೊಟ್ಟಿಗೆಗೆ ಬಂದರು. ಅಭ್ಯಾಸ ಬಿಡಲಾರದೆ ಬಂದಿದ್ದಾರೆ ಎಂದುಕೊಂಡೆ. ಅವರು ಕಾರನ್ನು ಸುತ್ತಿಕೊಂಡು ಹೋಗಿ ಎಡಗಡೆಯ ಬಾಗಿಲು ತೆಗೆದು ಕೂತರು.

“ನನ್ನ ತೌರು ಮುಗೀತು ಕಣವ್ವ,” ಎಂದರು. “ನಿನ್ನದು ಇನ್ನೂ ಐತಲ್ಲ. ನಡಿ.”

ಹಬ್ಬವಿರಲಿಲ್ಲ, ಕರೆ ಬಂದಿರಲಿಲ್ಲ. ಊರನ್ನು ಅಡ್ಡಹಾಯ್ದು, ಅತ್ತೆ ಎಂದೂ ಕಾಣದ ದಂಡಿನ ಬೀದಿಗಳಲ್ಲಿ, ಹೆಂಚಿನ ಬಂಗಲೆಗಳ ನಡುವೆ ನಾನು ಕಾರು ನಡೆಸಿದೆ. ಗೇಟಿನ ಸದ್ದಿಗೆ ಹೊರಬಂದ ನಮ್ಮಮ್ಮ ಗಾಬರಿಯಾದರು. ಹೇಳದೆ ಕೇಳದೆ ಬೀಗಿತ್ತಿ ಮಗಳನ್ನು ತಂದು ಬಿಟ್ಟರೆ ತಾಯಂದಿರ ಮನಸ್ಸು ಏನೆಲ್ಲ ಎಣಿಸುತ್ತದೆ ನೋಡಿ. ಏನಾಯಿತು, ಮಗಳನ್ನು ಯಾಕೆ ಕರೆದುಕೊಂಡು ಬಂದಿರಿ ಎಂದು ತೊದಲಿದರು.

ಅತ್ತೆ ತಮ್ಮ ಆ ಮಡಿಸದ ಪಾದವನ್ನು ಮೆಲ್ಲಗೆ ನೆಲಕ್ಕಿಟ್ಟು ಇಳಿದು, ಸೆರಗು ಸರಿಮಾಡಿಕೊಂಡರು.

“ನಾನೆಲ್ಲಿ ಕರ್ಕೊಂಡ್ ಬಂದೆ,” ಎಂದರು. “ಅವಳೇ ನನ್ನ ಕರ್ಕೊಂಡ್ ಬಂದ್ಲು.”