ಪರೀಕ್ಷೆಯಲ್ಲಿ ಸೊನ್ನೆ ತೆಗೆದ ಸೋಯ್ಲಾ

ನಲ್ಲಿ ರಿಪೇರಿ ಮಾಡುವ ಅರವತ್ತೆರಡು ವರ್ಷದ ಗಂಡಸೊಬ್ಬ ಕೂಸಿಗೆ ಇನ್ನೂ ಎದೆಹಾಲು ಕುಡಿಸುತ್ತಿದ್ದಾನೆ, ಆದಕಾರಣ ಅವನನ್ನು ಗಡೀಪಾರು ಮಾಡಬಾರದು ಎಂದು ಡಾಕ್ಟರ್ ಎಫ್ರೈನ್ ಬರೆದುಕೊಟ್ಟ ವರದಿಯನ್ನು ವಲಸೆ ಕೋರ್ಟಿನ ನ್ಯಾಯಾಧೀಶರು ತುಂಬಿದ ಕೋಣೆಯಲ್ಲಿ ಗಟ್ಟಿಯಾಗಿ ಓದಿದರು. ಕಿವಿ ಮಂದವಿದ್ದವರಿಗಾಗಿ ಎರಡನೇ ಸಲವೂ ಓದಿದರು. ನಲ್ಲಿಯವನು ತನ್ನ ಎದೆಯನ್ನೊಮ್ಮೆ ಡಾಕ್ಟರರ ಮುಖವನ್ನೊಮ್ಮೆ ನೋಡಿದ.

ವಲಸಿಗರೇ ತುಂಬಿದ ಕ್ವೀನ್ಸ್ ಬಡಾವಣೆಯಲ್ಲಿ ಕಾಗದಪತ್ರವಿಲ್ಲದೆ ನೆಲೆನಿಂತವರ ಮನಸ್ಸನ್ನು ಪರೀಕ್ಷಿಸಿ, ಇದಕ್ಕೆ ಇಷ್ಟು ಪೆಟ್ಟು ಬಿದ್ದಿದೆ ಎಂದು ಕೋರ್ಟಿಗೆ ಬರೆದುಕೊಡುವುದು ಎಫ್ರೈನನ ಕಸುಬು. ಇಪ್ಪತ್ತು ವರ್ಷ ಇದನ್ನೇ ಮಾಡಿದ ಮೇಲೆ ಲೋಕದ ದುಃಖವೆಲ್ಲ ಒಂದೇ ಅಚ್ಚಿನದು ಎಂಬ ಜ್ಞಾನೋದಯವಾಗಿ, ಅವನು ಹಳೆಯ ವರದಿಗೆ ಹೊಸ ಹೆಸರು ಅಂಟಿಸುವುದನ್ನು ರೂಢಿ ಮಾಡಿಕೊಂಡಿದ್ದ. ಆ ಸಲ ಹೆಸರು ಬದಲಾಗಿತ್ತು, ಕೂಸು ಉಳಿದುಕೊಂಡಿತ್ತು. ಅವನಿಗೆ ಕೇಸು ಕಳಿಸುವ ವಕೀಲೆ ಪಿಲಾರ್ ಹೊರಗೆ ಬಂದು, ಇದೇ ನ್ಯಾಯಾಧೀಶರ ಮುಂದೆ ಇನ್ನೊಂದು ಕೇಸಿದೆ, ಅದನ್ನಾದರೂ ಮನುಷ್ಯರನ್ನು ನೋಡಿ ಬರೆಯಿರಿ ಎಂದಳು.

ಆ ಇನ್ನೊಂದು ಕೇಸು ಸೆಗುಂದೊನದು. ಹತ್ತೊಂಬತ್ತು ವರ್ಷದಿಂದ ಊರವರ ಬಚ್ಚಲುಮನೆಗಳಿಗೆ ಟೈಲ್ಸ್ ಹಾಕುತ್ತ ಬದುಕಿದವನು. ಕಾಗದ ಮಾತ್ರ ಇಲ್ಲ. ಹೆಂಡತಿ ಸೋಯ್ಲಾಳ ಹತ್ತಿರ ಕಾಯಂ ನೆಲೆಸಲು ಸರ್ಕಾರ ಕೊಡುವ ಹಸಿರು ಕಾರ್ಡಿದೆ. ಅವನನ್ನು ಈಕ್ವೆಡಾರಿಗೆ ಅಟ್ಟಿದರೆ ಇವಳಿಗೆ ವಿಪರೀತ ಸಂಕಟವಾಗುತ್ತದೆ ಎಂದು ತೋರಿಸಿದರೆ ಅವನು ಉಳಿದಾನು. ಸಾಧಾರಣ ಸಂಕಟ ನಡೆಯದು. ಅದು ಎಲ್ಲ ಹೆಂಡಿರಿಗೂ ಇದ್ದದ್ದೇ ಎಂಬುದು ಕಾನೂನಿನ ಅಭಿಪ್ರಾಯ. ಎಫ್ರೈನನನ್ನು ಬಿಟ್ಟುಹೋದಾಗ ಅವನ ಹೆಂಡತಿಗೆ ಸಾಧಾರಣ ಸಂಕಟವೂ ಆಗಿರಲಿಲ್ಲವಾದ್ದರಿಂದ ಈ ವಿಷಯದಲ್ಲಿ ಅವನ ಸ್ವಂತ ಅನುಭವ ಕಡಿಮೆ.

ಸೋಯ್ಲಾಗೆ ಐವತ್ತಮೂರು ವರ್ಷ. ಜಂಕ್ಷನ್ ಬುಲೆವಾರ್ಡಿನಲ್ಲಿ, ಏಳನೇ ನಂಬರಿನ ರೈಲು ನೆತ್ತಿಯ ಮೇಲೆ ಗುಡುಗುವ ಕಡೆ, ಬೇಯಿಸಿದ ಬಿಳಿ ಜೋಳ ಮತ್ತು ಸುಟ್ಟ ಹಂದಿಮಾಂಸ ಮಾರುವವಳು. ಈಕ್ವೆಡಾರಿನ ಹುಟ್ಟೂರು ಅಸೋಗೆಸ್‌ನಲ್ಲಿ ಏಳನೇ ವಯಸ್ಸಿಗೇ ಹುಲ್ಲಿನ ಟೋಪಿ ಹೆಣೆಯಲು ಕೂತವಳು. ಒಂದು ಎಳೆ ತಪ್ಪಿದರೂ ಅಜ್ಜಿ ಇಡೀ ಟೋಪಿ ಬಿಚ್ಚಿಸುತ್ತಿದ್ದಳಂತೆ. ಅಂದಿನಿಂದ ಸೋಯ್ಲಾ ತಪ್ಪು ಮಾಡುವುದನ್ನೂ ಒಪ್ಪಿಕೊಳ್ಳುವುದನ್ನೂ ಒಟ್ಟಿಗೇ ಬಿಟ್ಟಳು. ಫ್ಲಶಿಂಗ್ ಪಾರ್ಕಿನಲ್ಲಿ ಅವರ ಕಡೆಯವರು ಮೂರು ಮೂರು ಜನ ನಿಂತು ಆಡುವ ವಾಲಿಬಾಲ್‌ನಲ್ಲಿ ಸೆಗುಂದೊ ಹೊಡೆದ ಚೆಂಡು ನೆಟ್ಟಗೆ ಅವಳ ಜೋಳದ ಹಂಡೆಗೆ ಬಿತ್ತು. ಕ್ಷಮೆ ಕೇಳಲು ಬಂದ ಮನುಷ್ಯ ಇನ್ನೂ ಎದ್ದು ಹೋಗಿಲ್ಲ ಎಂಬುದು ಅವಳ ದೂರು.

ಪರೀಕ್ಷೆಗೆ ಅವಳು ಚರ್ಚಿನ ಉಡುಪು ತೊಟ್ಟು, ಬಟ್ಟಲಲ್ಲಿ ಡಾಕ್ಟರರಿಗೆ ಊಟ ಕಟ್ಟಿಕೊಂಡು ಬಂದಳು. ನಾದಿನಿ ಮೊದಲೇ ಹೇಳಿ ಕಳಿಸಿದ್ದಳು: ಇವರು ಹುಚ್ಚರ ಡಾಕ್ಟರು, ಒಂದು ಮಾತು ಎಡವಟ್ಟಾದರೆ ಹುಚ್ಚಿ ಎಂದು ಬರೆದು ನಿನ್ನ ಕಾರ್ಡನ್ನೂ ಕಿತ್ತುಕೊಳ್ಳುತ್ತಾರೆ. ಹಾಗಾಗಿ ಸೋಯ್ಲಾ ಪಾಸಾಗಲೇಬೇಕೆಂದು ಹಠ ತೊಟ್ಟಿದ್ದಳು. ನಿದ್ದೆ ಹೇಗಿದೆ ಎಂದರೆ ಬಾವಿಗೆ ಕಲ್ಲು ಬಿದ್ದ ಹಾಗೆ ಎಂದಳು. ಅಳು ಬರುತ್ತದೆಯೇ ಎಂದರೆ ಈರುಳ್ಳಿ ಹೆಚ್ಚುವಾಗ ಎಂದಳು. ಇಪ್ಪತ್ತೊಂದು ಪ್ರಶ್ನೆ ಮುಗಿದಾಗ ಅವಳ ಸಂಕಟಕ್ಕೆ ಬಂದ ಅಂಕ ಸೊನ್ನೆ. ಎಫ್ರೈನ್ ಇನ್ನೊಮ್ಮೆ ಕೂಡಿದ. ಮತ್ತೂ ಸೊನ್ನೆ. ಇಷ್ಟು ಆರೋಗ್ಯವಂತ ಮನಸ್ಸನ್ನು ಅವನು ಕಂಡದ್ದೇ ಇಲ್ಲ. ಅದೇ ಹಾಳೆಯನ್ನು ಒಂದು ಭಾನುವಾರ ಬೇಸರಕ್ಕೆ ತಾನೇ ತುಂಬಿದಾಗ ಅವನಿಗೆ ಹತ್ತೊಂಬತ್ತು ಬಂದಿತ್ತು.

ಇಲ್ಲಿ ಪಾಸಾದರೆ ಗಂಡ ಗಡೀಪಾರು, ಫೇಲಾದರೇ ಉಳಿಯುತ್ತಾನೆ ಎಂದು ಅವನು ಬಿಡಿಸಿ ಹೇಳಿದ. ಸೋಯ್ಲಾ ಕೈಚೀಲದ ಹಿಡಿಯನ್ನು ತಿರುಚಿದಳು.

"ನೀವು ಬರಿಯೋದನ್ನ ನಮ್ಮ ಮನೆಯವರ ಎದುರಿಗೇ ಓದ್ತಾರಾ?"

"ಓದಬಹುದು."

"ಹಂಗಾದ್ರೆ ನನ್ನ ಬಾಯಿಂದ ಏನೂ ಬರಲ್ಲ, ಡಾಕ್ಟ್ರಪ್ಪ. ಅವರಿಲ್ದೆ ನಾನು ಬದುಕಲ್ಲ ಅಂತ ಸರ್ಕಾರದ ಸೀಲು ಹೊಡೆಸಿ ಕೊಟ್ರೆ ಆ ಮನುಷ್ಯಂಗೆ ಕೊಂಬು ಬರುತ್ತೆ. ಆಮೇಲೆ ಸಂಭಾಳ್ಸೋರ್ಯಾರು, ನೀವಾ?"

ಎಫ್ರೈನ್ ಪೆನ್ನು ಕೆಳಗಿಟ್ಟ. ಸುಳ್ಳು ಬರೆಯುವಂತಿರಲಿಲ್ಲ, ಎದೆಹಾಲಿನ ನ್ಯಾಯಾಧೀಶರು ಈಗ ಅವನ ಒಂದೊಂದು ಅಕ್ಷರವನ್ನೂ ಭೂತಗನ್ನಡಿಯಲ್ಲಿ ನೋಡುವವರು. ನಿಜ ಬರೆದರೆ ಸೆಗುಂದೊ ವಿಮಾನ ಹತ್ತುತ್ತಾನೆ. ಎಫ್ರೈನನ ಮುಖ ಬಿಳಿಚಿಕೊಂಡದ್ದನ್ನು ಸೋಯ್ಲಾ ನೋಡಿದಳು. ಎದ್ದು ಬಂದು ಅವನ ಕೆಳರೆಪ್ಪೆಯನ್ನು ಹೆಬ್ಬೆರಳಿಂದ ಎಳೆದು ಪರೀಕ್ಷಿಸಿದಳು. ನಿದ್ದೆ ಬರುತ್ತದೆಯೇ ಎಂದಳು, ಇಲ್ಲ ಎಂದ. ಊಟ ಸೇರುತ್ತದೆಯೇ ಎಂದಳು. ನಿಂತುಕೊಂಡೇ ಉಣ್ಣುತ್ತೇನೆ ಎಂದ. ಕನಸಲ್ಲಿ ಯಾರು ಬರುತ್ತಾರೆ ಎಂದಾಗ, ನಾಚಿಕೆ ಬಿಟ್ಟು, ನ್ಯಾಯಾಧೀಶರು ಎಂದು ಒಪ್ಪಿಕೊಂಡ. ಅವನ ಇಪ್ಪತ್ತೊಂದು ಪ್ರಶ್ನೆಗಳ ಕೆಲಸವನ್ನು ಅವಳು ಮೂರರಲ್ಲಿ ಮುಗಿಸಿದ್ದಳು.

"ನೀವು ಬೆಚ್ಚಿದೀರಿ," ಎಂದಳು. "ಶುಕ್ರವಾರ ಮನೆ ಕಡೆ ಬನ್ನಿ, ಮೊಟ್ಟೆ ನಿವಾಳಿಸ್ತೀನಿ."

ಅವರ ಕಡೆ ಬೆಚ್ಚಿದವರ ಮೈಮೇಲೆ ನೆತ್ತಿಯಿಂದ ಕಾಲಿನವರೆಗೆ ಹಸಿ ಮೊಟ್ಟೆ ಆಡಿಸಿ, ನೀರಿನ ಲೋಟಕ್ಕೆ ಒಡೆದು ನೋಡುತ್ತಾರೆ. ಬಿಳಿ ಎಳೆಗಳು ಮೇಲೆದ್ದರೆ ಭಯ ಇನ್ನೂ ಮೈಯಲ್ಲೇ ಇದೆ ಎಂದರ್ಥ. ಮಂಗಳವಾರ, ಶುಕ್ರವಾರ ಒಳ್ಳೆಯ ದಿನ. ಎಫ್ರೈನ್ ಮಾತಿಗೆ ಮಾತು ಎಂಬಂತೆ, ನೀವೂ ನಿವಾಳಿಸಿಕೊಳ್ಳುತ್ತೀರಾ ಎಂದು ಕೇಳಿದ.

"ವಾರಕ್ಕೆ ಎರಡು ಸಲ."

"ಯಾವಾಗಿಂದ?"

"ಕೋರ್ಟಿನ ಕಾಗದ ಬಂದಾಗಿಂದ."

ಕಾಗದ ಬಂದು ಹದಿನಾಲ್ಕು ವಾರ. ಇಪ್ಪತ್ತೆಂಟು ಮೊಟ್ಟೆ. ಸೆಗುಂದೊ ಕೆಲಸಕ್ಕೆ ಹೋದ ಮೇಲೆ ಅಡುಗೆಮನೆ ಬಾಗಿಲು ಹಾಕಿಕೊಂಡು ಒಬ್ಬಳೇ ಮಾಡಿಕೊಳ್ಳುತ್ತಾಳೆ. ಮೊಟ್ಟೆ ಎಲ್ಲಿ ಹೋಯಿತು ಎಂದು ಅವನು ಕೇಳಿದರೆ ಗಿರಾಕಿಗಳು ತಿಂದರು ಎನ್ನುತ್ತಾಳೆ. ಒಂದು ಸಲವೂ ನೀರು ತಿಳಿಯಾಗಿಲ್ಲ. ಹೋದ ಶುಕ್ರವಾರವಂತೂ ಹಳದಿಯೇ ಒಡೆದು ಲೋಟವೆಲ್ಲ ಕದಡಿಹೋಯಿತು. ಆವತ್ತು ಅವಳು ಜೋಳದ ಗಾಡಿ ಹೊರಡಿಸಲಿಲ್ಲ. ಇದನ್ನೆಲ್ಲ ಅವಳು ಹವಾಮಾನದ ಸುದ್ದಿ ಓದಿದಂತೆ ಹೇಳಿದಳು. ಹೇಳಿ ಮುಗಿಸಿ, ಮೊಟ್ಟೆ ಹೇಳಿದ್ದನ್ನು ಬೇಕಾದರೆ ಬರೆದುಕೊಳ್ಳಿ, ನಾನು ಹೇಳಿದೆ ಅಂತ ಮಾತ್ರ ಬರೆಯಬೇಡಿ ಎಂದಳು.

ಎಫ್ರೈನ್ ಬರೆದ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಖಾಲಿ ಹಾಳೆಯಿಂದ ಶುರುಮಾಡಿ ಹನ್ನೊಂದು ಪುಟ ಬರೆದ. ಈ ಹೆಂಗಸು ತನ್ನ ಭಯಕ್ಕೆ ತನ್ನವರ ವೈದ್ಯವನ್ನು ಒಂದು ವಾರವೂ ತಪ್ಪಿಸದೆ ಮಾಡಿಕೊಂಡಿದ್ದಾಳೆ, ಗುಣವಾಗಿಲ್ಲ ಎಂದು ತಾರೀಖು ಸಮೇತ ನಮೂದಿಸಿದ. ಪಿಲಾರ್ ಓದಿ, ಹೋದ ಸಲ ಹಾಲು, ಈ ಸಲ ಮೊಟ್ಟೆ, ಮುಂದಿನ ಸಲ ಬೇಕರಿ ಇಟ್ಟುಬಿಡಿ ಎಂದಳು, ಆದರೆ ಕಳಿಸಿದಳು.

ಸೆಗುಂದೊ ಉಳಿದ. ಅದಕ್ಕೆ ತನ್ನ ಹನ್ನೊಂದು ಪುಟವೇ ಕಾರಣ ಎಂದು ಎಫ್ರೈನ್ ಕೆಲವು ದಿನ ಸಿಕ್ಕಸಿಕ್ಕವರಿಗೆ ಹೇಳಿಕೊಂಡು ತಿರುಗಿದ. ವಿಚಾರಣೆಯ ದಿನ ಕೋರ್ಟಿನಲ್ಲಿದ್ದವರು ಯಾರೂ ಅದನ್ನು ನಂಬಲಿಲ್ಲ. ನ್ಯಾಯಾಧೀಶರು ವರದಿಯನ್ನು ಕೊನೆಯವರೆಗೂ ಓದಿದ್ದು ನಿಜ. ಆಮೇಲೆ ಅದನ್ನು ಪಕ್ಕಕ್ಕೆ ಸರಿಸಿ, ಕನ್ನಡಕ ತೆಗೆದು, ದುಭಾಷಿಯ ಮೂಲಕ ಸೋಯ್ಲಾಳನ್ನೇ ಕೇಳಿದರು: ನಿಮ್ಮ ಗಂಡನನ್ನು ವಾಪಸು ಕಳಿಸಿದರೆ ನಿಮಗೆ ಏನಾಗುತ್ತದೆ?

ಸೋಯ್ಲಾ ಎರಡು ಕುರ್ಚಿ ಆಚೆ, ಹೊಸ ಅಂಗಿಯಲ್ಲಿ ಬೆವರುತ್ತ ಕೂತಿದ್ದ ಸೆಗುಂದೊನನ್ನು ನೋಡಿದಳು. ಆಮೇಲೆ ನ್ಯಾಯಾಧೀಶರ ಕಡೆ ತಿರುಗಿದಳು.

"ಇವರನ್ನ ಒಂದು ಗಳಿಗೆ ಹೊರಗಡೆ ಬೆಂಚಿನ ಮೇಲೆ ಕೂರ್ಸಿ ಸ್ವಾಮಿ, ಹೇಳ್ತೀನಿ."